ಭಾನುವಾರದ ಕಾರ್ಡ್ ಸಂತೆ

ನನ್ನ ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿ ಎರಡು ದಪ್ಪ ಫೈಲುಗಳಿವೆ. ಒಳಗಿನ ಪ್ಲಾಸ್ಟಿಕ್ ಹಾಳೆಗಳಲ್ಲಿ, ಹಾಳೆಗೆ ಒಂಬತ್ತರಂತೆ, 660 ಬೇಸ್‌ಬಾಲ್ ಕಾರ್ಡುಗಳು: ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಆಟದ ಅಂಕಿಗಳಿರುವ ರಟ್ಟಿನ ಚೀಟಿಗಳು. ಎಲ್ಲವೂ ಟಾಪ್ಸ್ ಕಂಪನಿಯವರು 1975ರಲ್ಲಿ ಅಚ್ಚು ಹಾಕಿ ಬಬಲ್ ಗಮ್ ಜತೆ ಮಾರಿದವು. ಅವನ್ನು ಒಂದೊಂದಾಗಿ ಕೂಡಿಸಲು ನನಗೆ ಹತ್ತು ವರ್ಷ ಹಿಡಿಯಿತು. ಶಿಕಾಗೊ ಸುತ್ತಮುತ್ತಲ ಹೋಟೆಲುಗಳ ಸಭಾಂಗಣ, ಮಾಜಿ ಸೈನಿಕರ ಸಂಘದ ಹಾಲ್, ಚರ್ಚಿನ ನೆಲಮಾಳಿಗೆ, ಒಮ್ಮೊಮ್ಮೆ ಮಾಲ್‌ನ ನಡುದಾರಿ, ಹೀಗೆ ಎಲ್ಲೆಲ್ಲೋ ನಡೆಯುತ್ತಿದ್ದ ಕಾರ್ಡ್ ಶೋಗಳಿಗೆ ತಿಂಗಳಿಗೊಂದು ಭಾನುವಾರವಾದರೂ ಹೋಗಿ ತಂದದ್ದು. ಈಗ ಮೈಸೂರಿನ ಮನೆಯಲ್ಲಿ ಕೂತು ಫೈಲು ಬಿಡಿಸಿದರೆ ಆಟಗಾರರಿಗಿಂತ ಮೊದಲು ನೆನಪಾಗುವುದು ಆ ಹಾಲ್‌ಗಳ ವಾಸನೆ. ಗಂಟೆಗಟ್ಟಲೆ ಬಿಸಿಯಲ್ಲಿಟ್ಟು ಕಮರಿದ ಕಾಫಿ, ಹಾಟ್‌ಡಾಗ್ ಬೇಯುವ ಹಬೆ, ಹಿಮದಲ್ಲಿ ನೆನೆದ ಉಣ್ಣೆ ಕೋಟು, ಇವೆಲ್ಲದರ ನಡುವೆ ಹಳೆಯ ರಟ್ಟಿನ ಒಣ ವಾಸನೆ.

ನಾನು ಅಮೆರಿಕಕ್ಕೆ ಹೋದದ್ದು 1990ರ ಡಿಸೆಂಬರಿನಲ್ಲಿ. ಶಾಮ್‌ಬರ್ಗ್ ಎಂಬ ಶಿಕಾಗೊದ ಹೊರವಲಯದ ಊರಿನಲ್ಲಿ ಮನೆ. ಹೆಂಡತಿ, ಆರು ವರ್ಷದ ಮಗ, ಮತ್ತು ಅಲ್ಲಿಯವರೆಗೆ ಯಾರೂ ಸರಿಯಾಗಿ ವಿವರಿಸಿ ಹೇಳದಿದ್ದ ಚಳಿ. ಫೆಬ್ರವರಿಯ ಒಂದು ಭಾನುವಾರ ಆಫೀಸಿನ ಗೆಳೆಯನೊಬ್ಬ, "ಮನೇಲಿ ಕೂತು ಏನ್ ಮಾಡ್ತೀರಿ, ಮಗನ್ನ ಕರ್ಕೊಂಡು ಬನ್ನಿ" ಎಂದು ಹೆದ್ದಾರಿಯ ಪಕ್ಕದ ಹೋಟೆಲೊಂದಕ್ಕೆ ಕರೆದುಕೊಂಡು ಹೋದ. ಬಾಗಿಲಲ್ಲಿ ಎರಡು ಡಾಲರ್ ಕೊಟ್ಟರೆ ಕೈ ಮೇಲೆ ಮುದ್ರೆ ಒತ್ತುತ್ತಿದ್ದರು. ಒಳಗೆ ನಲವತ್ತು ಐವತ್ತು ಮೇಜುಗಳು, ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಅದರ ಹಿಂದೆ ಉದ್ದುದ್ದ ಬಿಳಿ ರಟ್ಟಿನ ಡಬ್ಬಗಳು. ಜನ ಕುತ್ತಿಗೆ ಬಗ್ಗಿಸಿಕೊಂಡು, ಎರಡು ಬೆರಳಲ್ಲಿ, ಕಾರ್ಡುಗಳನ್ನು ಸರಸರ ಸರಿಸುತ್ತಿದ್ದರು. ಮಾತು ಕಡಿಮೆ. ಆ ಸರಸರ ಸದ್ದೇ ಹಾಲ್ ತುಂಬ.

ನಾನು ತಿಪಟೂರಿನವನು. ನಮ್ಮ ತಂದೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ರಜಾ ದಿನಗಳಲ್ಲಿ ಊಟದ ಡಬ್ಬಿ ಒಯ್ಯುವ ನೆಪದಲ್ಲಿ ನಾನು ಅಲ್ಲೇ ಬಿದ್ದಿರುತ್ತಿದ್ದೆ. ಉಂಡೆ ಕೊಬ್ಬರಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ಬಣ್ಣ, ಗಾತ್ರ, ಎಲ್ಲಿ ಚುಕ್ಕೆ, ಎಲ್ಲಿ ಬೂಷ್ಟು ಎಂದು ಕ್ಷಣದಲ್ಲಿ ಹೇಳುವ ಖರೀದಿದಾರರನ್ನು ನೋಡಿ ಬೆಳೆದವನು. ಆ ಹೋಟೆಲಿನ ಹಾಲ್‌ನಲ್ಲಿ ಅದೇ ಕಣ್ಣುಗಳು ಕಂಡವು. ಒಬ್ಬ ಕಾರ್ಡನ್ನು ಎತ್ತಿ ದೀಪದ ಕೆಳಗೆ ಓರೆ ಹಿಡಿಯುತ್ತಾನೆ, ನಾಲ್ಕು ಮೂಲೆ ನೋಡುತ್ತಾನೆ, ಅಂಚು ನೋಡುತ್ತಾನೆ, ಹಿಂದೆ ತಿರುಗಿಸಿ ಗಮ್‌ನ ಕಲೆ ಇದೆಯೇ ಎಂದು ನೋಡುತ್ತಾನೆ, ಏನೂ ಹೇಳದೆ ಕೆಳಗಿಡುತ್ತಾನೆ. ಮಾರುವವನೂ ಏನೂ ಹೇಳುವುದಿಲ್ಲ. ಇಬ್ಬರಿಗೂ ಗೊತ್ತು, ವ್ಯಾಪಾರ ಶುರುವಾಗಿದೆ ಎಂದು. ಪರದೇಶಕ್ಕೆ ಬಂದು ಎರಡು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಏನು ನಡೆಯುತ್ತಿದೆ ಎಂಬುದು ಯಾರೂ ಹೇಳಿಕೊಡದೆ ಅರ್ಥವಾದ ಜಾಗ ಅದು.

ಸಂತೆಯ ನಿಯಮಗಳೆಲ್ಲ ಅಲ್ಲಿಯೂ ಇದ್ದವು. ಬಾಗಿಲು ತೆರೆಯುವ ಮೊದಲೇ ವ್ಯಾಪಾರಿಗಳು ತಮ್ಮತಮ್ಮಲ್ಲೇ ಒಳ್ಳೆಯ ಮಾಲನ್ನು ಕೊಂಡು ಮಾರಿ ಮುಗಿಸಿರುತ್ತಿದ್ದರು. ಬೆಳಗ್ಗೆ ಬಂದವನಿಗೆ ಆಯ್ಕೆ ಜಾಸ್ತಿ, ಮೂರು ಗಂಟೆಯ ಮೇಲೆ ಬಂದವನಿಗೆ ಬೆಲೆ ಕಡಿಮೆ. ಆ ಭಾರದ ಡಬ್ಬಗಳನ್ನು ಮತ್ತೆ ವ್ಯಾನಿಗೆ ಹೊರುವುದು ಯಾರಿಗೂ ಬೇಡವಾದ ಕೆಲಸ. ಒಂದೇ ಮೇಜಿನಲ್ಲಿ ಹತ್ತು ಕಾರ್ಡು ಆರಿಸಿ ಒಟ್ಟಿಗೆ ಇಟ್ಟು "ಎಲ್ಲಕ್ಕೂ ಸೇರಿ ಎಷ್ಟು?" ಎಂದು ಕೇಳಬೇಕು, ಒಂದೊಂದಕ್ಕೆ ಚೌಕಾಸಿ ಮಾಡಬಾರದು. ಒಬ್ಬರು ಕೈಯಲ್ಲಿ ಹಿಡಿದಿರುವಾಗ ಇನ್ನೊಬ್ಬರು ಅದರ ಬೆಲೆ ಕೇಳಬಾರದು. ಇದೆಲ್ಲ ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ.

ಮೊದಲ ದಿನ ಏನೂ ಕೊಳ್ಳುವ ಉದ್ದೇಶ ಇರಲಿಲ್ಲ. ಮಗ ಹಾಟ್‌ಡಾಗ್ ಕಡೆ ಎಳೆಯುತ್ತಿದ್ದ. ಹಾಲಿನ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಇಲ್ಲದ ಒಂದು ಮೇಜು, ಅದರ ಮೇಲೆ ಬರೀ ಡಬ್ಬಗಳು, "ಒಂದಕ್ಕೆ ಕಾಲು ಡಾಲರ್" ಎಂಬ ಕೈಬರಹದ ಚೀಟಿ. ಒಂದು ಡಬ್ಬದೊಳಗೆ ಕಂಡ ಬಣ್ಣ ನನ್ನನ್ನು ನಿಲ್ಲಿಸಿತು. 1975ರ ಕಾರ್ಡುಗಳಿಗೆ ಎರಡೆರಡು ಬಣ್ಣದ ಚೌಕಟ್ಟು. ಮೇಲೆ ಹಳದಿ ಕೆಳಗೆ ಕೆಂಪು, ಮೇಲೆ ಕಿತ್ತಳೆ ಕೆಳಗೆ ಕಂದು, ಹಸಿರು ಮತ್ತು ನೇರಳೆ, ಗುಲಾಬಿ ಮತ್ತು ಹಳದಿ. ನೆತ್ತಿಯಲ್ಲಿ ತಂಡದ ಹೆಸರು ದಪ್ಪಕ್ಷರದಲ್ಲಿ, ಚಿತ್ರದ ಮೇಲೆ ಆಟಗಾರನ ಅಚ್ಚಾದ ಸಹಿ, ಬಲಗಡೆ ಕೆಳಮೂಲೆಯಲ್ಲಿ ಪುಟ್ಟ ಚೆಂಡು, ಚೆಂಡಿನೊಳಗೆ ಅವನು ಆಡುವ ಸ್ಥಾನ. ನಮ್ಮ ಕಾಲದ ಬೆಂಕಿಪೊಟ್ಟಣದ ಚಿತ್ರಗಳ ಬಣ್ಣ! ಶಾಲೆಗೆ ಹೋಗುವ ದಾರಿಯಲ್ಲಿ ಬೀಡಿ ಅಂಗಡಿಗಳ ಮುಂದೆ ಆರಿಸಿ, ನೀರಲ್ಲಿ ನೆನೆಸಿ ಬಿಡಿಸಿ, ಒಣಗಿಸಿ, ಹುಲಿ ಕೊಟ್ಟು ನವಿಲು ತೆಗೆದುಕೊಳ್ಳುತ್ತಿದ್ದ ಆ ಚಿತ್ರಗಳು.

1975ರಲ್ಲಿ ನನಗೆ ಹನ್ನೆರಡು. ಆ ಸಂಕ್ರಾಂತಿಯ ಆಸುಪಾಸಿನಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ಎದುರು ಟೆಸ್ಟು. ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ. ಭಾರತ 190ಕ್ಕೆ ಆಲೌಟ್. ಅದರಲ್ಲಿ ನಮ್ಮ ವಿಶ್ವನಾಥ್ ಒಬ್ಬರದೇ ಅಜೇಯ 97. ಮಂಡಿಯ ರೇಡಿಯೋ ಸುತ್ತ ಹಮಾಲರು, ಮಾಲೀಕರು, ನಾವು ಹುಡುಗರು ಎಲ್ಲ ಒಟ್ಟಿಗೆ ನಿಂತು ಕೇಳಿದ್ದು. ಮರುದಿನದ ಪತ್ರಿಕೆಯಿಂದ ವಿಶಿಯ ಚಿತ್ರ ಕತ್ತರಿಸಿ, ಅನ್ನದಗುಳು ಹಿಸುಕಿ ಅಂಟು ಮಾಡಿ, ಹಳೆಯ ಲೆಕ್ಕದ ಪುಸ್ತಕಕ್ಕೆ ಅಂಟಿಸಿದೆ. ಚಂದ್ರ, ಪ್ರಸನ್ನ, ಕಿರ್ಮಾನಿ ಎಲ್ಲರೂ ಆ ಪುಸ್ತಕದಲ್ಲಿದ್ದರು. ನಮಗೆ ಕಾರ್ಡು ಎಂಬುದಿರಲಿಲ್ಲ. ಕಪ್ಪು ಬಿಳುಪು ಪೇಪರು, ಹಿಂದಿನ ಬದಿಯ ಜಾಹೀರಾತು ಅಂಟಿನೊಳಗಿಂದ ಇಣುಕುತ್ತಿತ್ತು. ಕೆಲವು ವರ್ಷದ ಮೇಲೆ, ನಾನು ಹಾಸ್ಟೆಲಿನಲ್ಲಿದ್ದಾಗ, ಅಮ್ಮ ಅದನ್ನು ಬೇರೆ ರದ್ದಿಯ ಜತೆ ತೂಕಕ್ಕೆ ಹಾಕಿದರು. ಕಡಲೆಕಾಯಿ ಪೊಟ್ಟಣವಾಗಿ ಹೋಗಿರಬೇಕು.

ಅದೇ ವರ್ಷ, ಅದೇ ವಯಸ್ಸಿನ ಹುಡುಗರು ಭೂಮಿಯ ಆಚೆ ಬದಿಯಲ್ಲಿ ಈ ಬಣ್ಣಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರು. ಆವತ್ತು ನಾಲ್ಕು ಕಾರ್ಡು ತೆಗೆದುಕೊಂಡೆ. ಒಂದು ಡಾಲರ್. ಆರಿಸಿದ್ದು ಬರೀ ಬಣ್ಣ ನೋಡಿ, ಆಟಗಾರರು ಯಾರೆಂದು ಗೊತ್ತಿಲ್ಲದೆ.

ಆ ಮೇಜಿನ ಹಿಂದೆ ಕೂತಿದ್ದವನು ಮುಂದೆ ಹತ್ತು ವರ್ಷ ನನ್ನ ಗೆಳೆಯನಾದ. ವಾರದ ದಿನಗಳಲ್ಲಿ ಕೊಳಾಯಿ ರಿಪೇರಿ, ಭಾನುವಾರ ಕಾರ್ಡು. ನನಗಿಂತ ಒಂದು ವರ್ಷ ದೊಡ್ಡವನು. ಅವನ ವ್ಯಾಪಾರವೆಲ್ಲ 'ಕಾಮನ್ಸ್'. ಹಾಗೆಂದರೆ ಹೆಸರು ಮಾಡದ ಆಟಗಾರರ ಕಾರ್ಡು. ಸ್ಟಾರ್‌ಗಳನ್ನು ಬೇರೆಯವರು ಗಾಜಿನೊಳಗೆ ದೀಪ ಹಾಕಿ ಇಟ್ಟರೆ ಇವನು ಉಳಿದವರನ್ನೆಲ್ಲ ನಂಬರಿನ ಪ್ರಕಾರ ಜೋಡಿಸಿ ಇಟ್ಟಿದ್ದ. ಒಂದು ಸೆಟ್ಟು, ಅಂದರೆ ಒಂದು ವರ್ಷದ ಅಷ್ಟೂ ನಂಬರಿನ ಕಾರ್ಡು, ಪೂರ್ತಿ ಮಾಡುವವರಿಗೆ ಇವನೇ ಗತಿ. ಯಾವ ಕಾರ್ಡು ಎತ್ತಿದರೂ ಅವನಿಗೆ ಒಂದು ಕಥೆ ಗೊತ್ತಿತ್ತು. ಇವನು ಒಂದೇ ವರ್ಷ ಆಡಿದ, ಇವನಿಗೆ ಭುಜ ಹೋಯಿತು, ಇವನ ಕಾರ್ಡನ್ನು ನಾನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದ್ದೆ. ನನ್ನ ಪ್ರಶ್ನೆಗಳಿಗೆ ಎಂದೂ ಬೇಸರ ಪಟ್ಟವನಲ್ಲ. ನನಗೆ ಬೇಸ್‌ಬಾಲ್ ಬಂದದ್ದು ಮೈದಾನದಿಂದಲ್ಲ, ಟಿವಿಯಿಂದಲೂ ಅಲ್ಲ. ಆ ಮೇಜಿನ ಮುಂದೆ ನಿಂತು, ಕಾರ್ಡಿನ ಹಿಂಬದಿಯ ಅಂಕಿಗಳನ್ನು ಓದಿ.

407ನೇ ಕಾರ್ಡಿನ ಕಥೆ ಹೇಳಲೇಬೇಕು. ಹರ್ಬ್ ವಾಷಿಂಗ್ಟನ್, ಓಕ್ಲೆಂಡ್ ತಂಡ. ಪುಟ್ಟ ಚೆಂಡಿನೊಳಗೆ ಬೇರೆಯವರಿಗೆಲ್ಲ ಪಿಚರ್ (ಚೆಂಡೆಸೆಯುವವನು), ಕ್ಯಾಚರ್ (ಅದನ್ನು ಹಿಂದೆ ಹಿಡಿಯುವವನು) ಎಂದಿದ್ದರೆ ಇವನಿಗೆ 'ಪಿಂಚ್ ರನ್' ಎಂದಿದೆ. ಅಂದರೆ ಇನ್ನೊಬ್ಬರ ಬದಲಿಗೆ ಓಡುವವನು. ಓಟದ ಸ್ಪರ್ಧೆಗಳ ವೇಗದ ಓಟಗಾರ. ಬ್ಯಾಟು ಹಿಡಿಯುವುದು ಬೇಡ, ಫೀಲ್ಡಿಂಗ್ ಬೇಡ, ಓಡಿದರೆ ಸಾಕು ಎಂದು ಓಕ್ಲೆಂಡ್ ಮಾಲೀಕ ಚಾರ್ಲಿ ಫಿನ್ಲಿ ಅವನನ್ನು 1974ರಲ್ಲಿ ತಂಡಕ್ಕೆ ಸೇರಿಸಿಕೊಂಡ. ಒಟ್ಟು 105 ಪಂದ್ಯ ಆಡಿದ, 31 ಬೇಸ್ ಕದ್ದ (ಯಾರೂ ಚೆಂಡು ಹೊಡೆಯದಿದ್ದರೂ ಓಡಿ ಮುಂದಿನ ಗುರುತು ಮುಟ್ಟಿದ), 33 ರನ್ ಗಳಿಸಿದ. ಒಂದೇ ಒಂದು ಚೆಂಡಿಗೂ ಬ್ಯಾಟು ಬೀಸಲಿಲ್ಲ. ಗೆಳೆಯ ಇದನ್ನು ವಿವರಿಸಲು ಶುರು ಮಾಡಿದಾಗ ನಾನು ಅರ್ಧದಲ್ಲೇ ತಡೆದೆ. "ಗೊತ್ತು, ನಮ್ಮಲ್ಲಿ ಇದನ್ನು ರನ್ನರ್ ಅಂತೀವಿ." ಕಾಲು ಉಳುಕಿದ ಬ್ಯಾಟ್ಸ್‌ಮನ್ ಕ್ರೀಸಿನಲ್ಲೇ ನಿಂತು ಹೊಡೆಯುತ್ತಾನೆ, ಅವನ ಪರವಾಗಿ ಇನ್ನೊಬ್ಬ ಪ್ಯಾಡು ಕಟ್ಟಿಕೊಂಡು ಬಂದು ಓಡುತ್ತಾನೆ ಎಂದು ಈ ಸಲ ನಾನು ವಿವರಿಸಿದೆ. ಪಕ್ಕದ ಮೇಜಿನವನೂ ಬಂದು ನಿಂತ. ಒಂದು ಗಂಟೆ ಕಾರ್ಡಿನ ವ್ಯಾಪಾರ ನಿಂತು ಕ್ರಿಕೆಟ್ ಪಾಠ ನಡೆಯಿತು. ಲೆಗ್ ಬೈ ಹತ್ತಿರ ಬಂದಾಗ ಸೋತೆ. (2011ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ರನ್ನರ್ ಪದ್ಧತಿಯನ್ನೇ ತೆಗೆದಾಗ ನನಗೆ ಮೊದಲು ನೆನಪಾದವನು ಹರ್ಬ್ ವಾಷಿಂಗ್ಟನ್.)

ಸೆಟ್ಟು ಕೂಡಿಸುವವರ ಕೈಯಲ್ಲಿ ಒಂದು ಕಾಗದ ಇರುತ್ತಿತ್ತು. ವಾಂಟ್ ಲಿಸ್ಟ್. ಯಾವ ನಂಬರು ಇನ್ನೂ ಬೇಕೋ ಅದೆಲ್ಲ ಅದರಲ್ಲಿ. ನಾನು ಚೌಕಳಿ ಹಾಳೆಯಲ್ಲಿ 1ರಿಂದ 660ರವರೆಗೆ ಬರೆದು, ಸಿಕ್ಕಿದ್ದನ್ನು ಹೊಡೆದು ಹಾಕುತ್ತಿದ್ದೆ. ಈ ಕಾಗದದ ಮಹಿಮೆ ಏನೆಂದರೆ, ಅದು ಕೈಯಲ್ಲಿದ್ದರೆ ಯಾರೂ ಅಪರಿಚಿತರಲ್ಲ. ಪಕ್ಕದಲ್ಲಿ ಬಗ್ಗಿ ನಿಂತವನು ತನ್ನ ಡಬ್ಬದಿಂದ ತಲೆ ಎತ್ತದೆಯೇ "ಯಾವ ವರ್ಷದ್ದು?" ಎನ್ನುತ್ತಾನೆ. "75" ಎಂದರೆ, "ಆ ಅಂಚುಗಳು! ದೇವರು ಕಾಪಾಡಲಿ" ಎನ್ನುತ್ತಾನೆ. ಬಣ್ಣದ ಚೌಕಟ್ಟಿನ ಅಂಚು ಸ್ವಲ್ಪ ಸವೆದರೂ ಬಿಳಿ ರಟ್ಟು ಕಾಣುತ್ತದೆ, ಹಾಗಾಗಿ 75ರ ಚೊಕ್ಕ ಕಾರ್ಡು ಸಿಗುವುದು ಕಷ್ಟ. ಆಮೇಲೆ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: "ನನ್ನ ಹತ್ತಿರ ಪೂರ್ತಿ ಸೆಟ್ಟಿತ್ತು, ಅಮ್ಮ ಎಸೆದುಬಿಟ್ಟರು." ಅರವತ್ತು ದಾಟಿದ ಗಂಡಸರು, ಟ್ರಕ್ ಚಾಲಕರು, ವಕೀಲರು, ನಿವೃತ್ತ ಪೊಲೀಸರು, ಎಲ್ಲರೂ ಇದನ್ನೇ, ಇನ್ನೂ ಆರದ ಸಂಕಟದಲ್ಲಿ ಹೇಳುತ್ತಿದ್ದರು. ನಾನೂ ನನ್ನ ಲೆಕ್ಕದ ಪುಸ್ತಕದ ಕಥೆ ಹೇಳುತ್ತಿದ್ದೆ. ಅವರು ತಲೆ ಆಡಿಸುವ ರೀತಿ ನೋಡಿದರೆ ತಿಪಟೂರು ಅವರ ಪಕ್ಕದ ಬೀದಿಯಲ್ಲೇ ಇದೆ ಎನಿಸುತ್ತಿತ್ತು.

ನನ್ನಾಕೆಗೆ ಮೊದಮೊದಲು ಸಿಟ್ಟಿತ್ತು. "ಭಾನುವಾರ ಆರೋರಾ ದೇವಸ್ಥಾನಕ್ಕೆ ಹೋಗೋಣ ಅಂದ್ರೆ ನಿಮಗೆ ಕಾರ್ಡೇ ಆಗ್ಬೇಕು" ಎನ್ನುತ್ತಿದ್ದಳು. ಒಂದು ಸಲ ದೇವಸ್ಥಾನ ಮುಗಿಸಿ ಬರುವಾಗ ರೇಷ್ಮೆ ಸೀರೆಯಲ್ಲೇ ಶೋಗೆ ಬಂದಳು. ಚಿತ್ರ ಕಾರ್ಡಿನ ನಟ್ಟನಡುವೆ ಅಚ್ಚಾಗಿದೆಯೋ, ಒಂದು ಕಡೆಗೆ ವಾಲಿದೆಯೋ ಎಂದು ನೋಡುವುದನ್ನು ಸೆಂಟರಿಂಗ್ ಎನ್ನುತ್ತಾರೆ. ಗೆಳೆಯ ಎರಡು ಕಾರ್ಡು ಹಿಡಿದು ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳಿದ. ನಾನು ಸ್ಕೇಲು ಹುಡುಕುತ್ತಿದ್ದಾಗ ಅವಳು ಹಿಂದಿನಿಂದಲೇ, "ಎಡಗಡೇದು. ಇನ್ನೊಂದು ಒಂದು ಎಳೆ ಬಲಕ್ಕೆ ಹೋಗಿದೆ" ಎಂದಳು. ಚಿಕ್ಕಂದಿನಿಂದ ಬಾಗಿಲಿಗೆ ಚುಕ್ಕಿ ರಂಗೋಲಿ ಇಟ್ಟ ಕಣ್ಣು. ಆಮೇಲೆ ಗೆಳೆಯ ಅವಳು ಬಂದರೆ ಕುರ್ಚಿ ತಂದು ಹಾಕಿ, ಎರಡು ರಾಶಿ ಮುಂದಿಟ್ಟು, ಬೇರ್ಪಡಿಸಿ ಕೊಡಿ ಎಂದು ಕೇಳಿಕೊಳ್ಳುತ್ತಿದ್ದ.

ಮಗನ ದಾರಿ ಬೇರೆ. ಅವನು ಶಿಕಾಗೊದಲ್ಲಿ ಬೆಳೆಯುತ್ತಿದ್ದ ಹುಡುಗ, ಬ್ಯಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್ ಕಾಲ. 1991, 92, 93 ಮೂರು ವರ್ಷ ಜೋರ್ಡನ್‌ನ ತಂಡ ಬುಲ್ಸ್ ಗೆದ್ದರು. ಅವನ ಕೈಯಲ್ಲಿ ಬೆಕೆಟ್ ಎಂಬ ಬೆಲೆಪಟ್ಟಿಯ ಮಾಸಿಕ. ಅಂಕಿಅಂಶ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಬೆಕೆಟ್ 1984ರಲ್ಲಿ ಶುರು ಮಾಡಿದ್ದು. ಪ್ರತಿ ಕಾರ್ಡಿಗೆ ಒಂದು ಕಡಿಮೆ ಬೆಲೆ, ಒಂದು ಹೆಚ್ಚು ಬೆಲೆ, ಏರಿದ್ದರೆ ಮೇಲ್ಮುಖದ ಬಾಣ. ಹತ್ತು ವರ್ಷದ ಮಕ್ಕಳು ಅದನ್ನು ಪಂಚಾಂಗದಂತೆ ಕಂಠಪಾಠ ಮಾಡುತ್ತಿದ್ದರು. ಎಲ್ಲರ ಕನಸೂ ಒಂದೇ, 1986ರ ಫ್ಲಿಯರ್ ಕಂಪನಿಯ 57ನೇ ಕಾರ್ಡು, ಜೋರ್ಡನ್‌ನದು. 132 ಕಾರ್ಡಿನ ಆ ಸೆಟ್ಟು ಬಂದ ಹೊಸದರಲ್ಲಿ ಕೇಳುವವರಿರಲಿಲ್ಲ ಎಂದು ಅಂಗಡಿಯವರು ಹಳಹಳಿಸುವುದನ್ನು ಎಷ್ಟು ಸಲ ಕೇಳಿದ್ದೇನೋ.

ನನಗೆ ಪರಿಚಯದ ಕನ್ನಡಿಗರೊಬ್ಬರು ಮಗನ ಹುಟ್ಟುಹಬ್ಬಕ್ಕೆಂದು ಆ ಕಾರ್ಡನ್ನು ಒಂದು ಶೋನಲ್ಲಿ ದೊಡ್ಡ ಮೊತ್ತ ಕೊಟ್ಟು ಕೊಂಡರು. ನಕಲಿ. ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚಿನ ಚುಕ್ಕೆಗಳ ಸಾಲು ಬೇರೆಯೇ ಇತ್ತು. ಮಾರಿದವನು ಮುಂದಿನ ತಿಂಗಳು ಬರಲಿಲ್ಲ. ಆ ಹುಡುಗನ ಮುಖ ನೋಡಲಾಗಲಿಲ್ಲ. ಸುದ್ದಿ ಹಾಲ್‌ನಲ್ಲಿ ಹರಡಿ, ನಾಲ್ಕೈದು ವ್ಯಾಪಾರಿಗಳು ಸೇರಿ ಒಂದು ಡಬ್ಬ ಬುಲ್ಸ್ ಕಾರ್ಡು ತುಂಬಿಸಿ ಅವನಿಗೆ ಕೊಟ್ಟರು. ಕಾರ್ಡನ್ನು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ದರ್ಜೆ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚುವ ಪಿಎಸ್‌ಎ ಸಂಸ್ಥೆ 1991ರಲ್ಲಿ ಶುರುವಾದದ್ದಕ್ಕೆ ಇಂಥವೇ ಕಾರಣ. ಆ ಪ್ಲಾಸ್ಟಿಕ್ ಹಲಗೆಗಳನ್ನು ನಾನು ಪ್ರೀತಿಸಲಾರೆ. ಕಾರ್ಡು ಕೈಗೆ ತಾಕುವುದಿಲ್ಲ, ಹಿಂಬದಿ ಓದುವವರಿಲ್ಲ. ಆದರೆ ಆ ಹುಡುಗನನ್ನು ನೋಡಿದ ಮೇಲೆ ಅದು ಬೇಡವಿತ್ತು ಎಂದು ಹೇಳಲು ಬಾಯಿ ಬರುವುದಿಲ್ಲ.

ದುಡ್ಡಿನ ಹುಚ್ಚು ಆಗ ಎಲ್ಲರಿಗೂ ಹತ್ತಿತ್ತು. 1991ರಲ್ಲಿ ಹಾನಸ್ ವ್ಯಾಗ್ನರ್ ಎಂಬ ಹಿಂದಿನ ಕಾಲದ ಬೇಸ್‌ಬಾಲ್ ಆಟಗಾರನ, ಸಿಗರೇಟ್ ಪ್ಯಾಕಿನ ಜತೆ ಬರುತ್ತಿದ್ದ ಹಳೆಯ ಕಾರ್ಡೊಂದು ಹರಾಜಿನಲ್ಲಿ 4,51,000 ಡಾಲರಿಗೆ ಹೋಯಿತು. ಕೊಂಡವರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಒಬ್ಬ. ಅದಾದ ಮೇಲೆ ಜನ ಹೊಸ ಕಾರ್ಡುಗಳ ಪೆಟ್ಟಿಗೆಗಳನ್ನು ಬಿಚ್ಚದೆ ಗ್ಯಾರೇಜಿನಲ್ಲಿ ಪೇರಿಸಿದರು, ಮಕ್ಕಳ ಕಾಲೇಜಿಗೆ ಆಗುತ್ತದೆ ಎಂದು. ನಮ್ಮ ಕನ್ನಡ ಕೂಟದಲ್ಲೂ ಒಬ್ಬಿಬ್ಬರು ಹಾಗೆ ಮಾಡಿದರು. ಹಳೆಯ ಕಾರ್ಡಿಗೆ ಬೆಲೆ ಬಂದದ್ದು ಉಳಿದದ್ದು ಕಡಿಮೆ ಎಂಬುದಕ್ಕೆ. 1952ರ ಟಾಪ್ಸ್ ಸೆಟ್ಟಿನ ಕೊನೆಯ ಕಂತು ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯುತ್ತಿತ್ತು. ಅದನ್ನು ವಿನ್ಯಾಸ ಮಾಡಿದ ಸೈ ಬರ್ಗರ್ ಅವರೇ 1960ರಲ್ಲಿ ಕಸದ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು. ಅದರಲ್ಲಿ ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್‌ನ 311ನೇ ಕಾರ್ಡೂ ಇತ್ತು. ನೀರಿಗೆ ಬೀಳದೆ ಉಳಿದ ಅಂಥದ್ದೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಮಾರಾಟವಾಯಿತು. 1990ರ ಆಸುಪಾಸಿನ ಕಾರ್ಡುಗಳನ್ನೋ ಯಾರೂ ಎಸೆಯಲಿಲ್ಲ, ಯಾವ ಅಮ್ಮನೂ ರದ್ದಿಗೆ ಹಾಕಲಿಲ್ಲ. ಕಂಪನಿಗಳು ಹಗಲು ರಾತ್ರಿ ಅಚ್ಚು ಹಾಕಿದವು. ಇವತ್ತಿಗೂ ಆ ಪೆಟ್ಟಿಗೆಗಳು ಕೊಂಡ ಬೆಲೆಗೆ ಹೋಗುವುದಿಲ್ಲ.

1993ರಲ್ಲಿ ನ್ಯಾಷನಲ್ ಶಿಕಾಗೊಗೆ ಬಂತು. ನ್ಯಾಷನಲ್ ಸ್ಪೋರ್ಟ್ಸ್ ಕಲೆಕ್ಟರ್ಸ್ ಕನ್ವೆನ್ಷನ್, 1980ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೊದಲಾಗಿ ವರ್ಷಕ್ಕೊಂದು ಊರಿನಲ್ಲಿ ನಡೆಯುವ ಜಾತ್ರೆ. ನಮ್ಮ ಹೋಟೆಲಿನ ಸಂತೆ ನೋಡಿದವನಿಗೆ ಅದು ದಸರಾ ವಸ್ತುಪ್ರದರ್ಶನ. ಎರಡು ದಿನ ರಜೆ ಹಾಕಿದೆ. ನಡೆದು ನಡೆದು ಮಗ ಹೆಗಲೇರಿದ. ಕಂಪನಿಗಳ ಅಲಂಕಾರದ ಮಳಿಗೆಗಳು, ಬಿಟ್ಟಿ ಕಾರ್ಡಿಗೆ ಹನುಮಂತನ ಬಾಲದಂಥ ಸಾಲು. ಇವತ್ತು ಅದರಲ್ಲಿ ಬಹುಪಾಲು ಮರೆತಿದ್ದೇನೆ.

ಮರೆಯದಿರುವುದು ಒಂದು ಸಣ್ಣ ಮೇಜು, ಅದೂ ಆ ದೊಡ್ಡ ಜಾತ್ರೆಯದಲ್ಲ, ಮುಂದಿನ ವರ್ಷ ವಿಮಾನ ನಿಲ್ದಾಣದ ಹತ್ತಿರದ ರೋಸ್‌ಮಾಂಟ್‌ನಲ್ಲಿ ನಡೆದ ಶೋನದು. ಹಸ್ತಾಕ್ಷರಕ್ಕೆ ಹೆಸರಾಂತ ಆಟಗಾರರ ಮುಂದೆ ಉದ್ದ ಸಾಲು, ಟಿಕೆಟ್ಟು. ಅದೇ ಗೋಡೆಯ ಕೊನೆಯಲ್ಲಿ ಸೂಟು ತೊಟ್ಟ, ಟೈ ಕಟ್ಟಿದ ಮುದುಕರೊಬ್ಬರು ಒಬ್ಬರೇ ಕೂತಿದ್ದರು. ನೀಗ್ರೋ ಲೀಗ್‌ನಲ್ಲಿ ಆಡಿದವರು. ಕರಿಯರಿಗೆ ದೊಡ್ಡ ಲೀಗ್‌ನ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ತಮ್ಮದೇ ತಂಡಗಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಊರೂರು ತಿರುಗಿ ಆಡಿದರು. 1947ರಲ್ಲಿ ಜಾಕಿ ರಾಬಿನ್ಸನ್ ಆ ಬಾಗಿಲು ತೆರೆಯುವ ಹೊತ್ತಿಗೆ ಇವರ ಪ್ರಾಯ ಕಳೆದಿತ್ತು. ನಾನು ಮಗನ ಜತೆ ಹತ್ತಿರ ಹೋದೆ. ಕುರ್ಚಿ ತೋರಿಸಿ ಕೂರಿಸಿಕೊಂಡರು. ಎಲ್ಲಿಯವರೆಂದು ಕೇಳಿದರು. ಆಟದ ಬಗ್ಗೆ ಕೇಳಿದರೆ ಊಟದ ಬಗ್ಗೆ ಹೇಳಿದರು. ಯಾವ ಊರಿನಲ್ಲಿ ಹೋಟೆಲಿನೊಳಗೆ ಬಿಡದೆ ಹಿಂಬಾಗಿಲಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದರು, ಯಾವ ಊರಿನಲ್ಲಿ ಅದೂ ಇಲ್ಲ. ದನಿಯಲ್ಲಿ ಕಹಿ ಇರಲಿಲ್ಲ, ವಿವರ ಮಾತ್ರ ಒಂದೂ ಬಿಟ್ಟಿರಲಿಲ್ಲ. ಅವರು ಆಡುತ್ತಿದ್ದಾಗ ಯಾರೂ ಅವರದೊಂದು ಕಾರ್ಡು ಅಚ್ಚು ಹಾಕಿರಲಿಲ್ಲ. ಮುದುಕರಾದ ಮೇಲೆ ಯಾರೋ ಹಳೆಯ ಫೋಟೊ ಹುಡುಕಿ ಮಾಡಿಸಿದ ಕಾರ್ಡನ್ನು, ಸಹಿ ಹಾಕಿ, ಮಗನ ಎರಡೂ ಕೈಗೆ ಕೊಟ್ಟರು. ಸಹಿ ಒಣಗುವವರೆಗೆ ಅವನು ಅದನ್ನು ತಟ್ಟೆಯ ಹಾಗೆ ಹಿಡಿದುಕೊಂಡು ನಡೆದ.

ಆ ವರ್ಷವೇ, 1994ರ ಆಗಸ್ಟ್ 12ರಂದು, ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದರು. ವರ್ಲ್ಡ್ ಸೀರೀಸ್ ಎಂಬ ವರ್ಷದ ಫೈನಲ್ ನಡೆಯಲೇ ಇಲ್ಲ. ಜನ ರೊಚ್ಚಿಗೆದ್ದು ಆಟಕ್ಕೇ ಬೆನ್ನು ತಿರುಗಿಸಿದರು. ಮರುವರ್ಷ ನಮ್ಮ ಹೋಟೆಲಿನ ಹಾಲಿನಲ್ಲಿ ಮೇಜುಗಳು ಇಪ್ಪತ್ತಕ್ಕಿಳಿದವು. ವ್ಯಾಪಾರಿಗಳಿಗೆ ಕಷ್ಟದ ದಿನಗಳು, ಕೆಲವರು ಅಂಗಡಿ ಮುಚ್ಚಿದರು. ಆದರೂ ನನ್ನ ಲೆಕ್ಕದಲ್ಲಿ ಕಾರ್ಡ್ ಶೋಗಳ ಅತ್ಯುತ್ತಮ ಕಾಲ ಅದೇ, 1995ರಿಂದ 98ರವರೆಗೆ. ದುಡ್ಡು ಮಾಡಲು ಬಂದವರು ಹೋದರು, ಉಳಿದವರೆಲ್ಲ ಕಾರ್ಡು ಬೇಕೆಂದು ಬಂದವರು. ಬೆಕೆಟ್ ಪುಸ್ತಕ ತೆಗೆಯದೆ ವ್ಯಾಪಾರ ನಡೆಯುತ್ತಿತ್ತು. ನಾನು ಚಕ್ಕುಲಿ, ಕೋಡುಬಳೆ ಡಬ್ಬಿ ಒಯ್ಯುತ್ತಿದ್ದೆ. ಕೋಡುಬಳೆಯ ಎಣ್ಣೆ ಕೈಗೆ ಹತ್ತುತ್ತದೆಂದು ಎಲ್ಲರೂ ಹಾಲಿನ ಹೊರಗೆ ಬಂದು, ತಿಂದು, ಕೈ ತೊಳೆದೇ ಒಳಗೆ ಹೋಗುತ್ತಿದ್ದರು.

1998ರಲ್ಲಿ ಮಾರ್ಕ್ ಮ್ಯಾಗ್ವಾಯರ್ 70, ನಮ್ಮ ಶಿಕಾಗೊದ ಸ್ಯಾಮಿ ಸೋಸಾ 66 ಹೋಮ್ ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದಾಗ ಜನ ವಾಪಸು ಬಂದರು. ಬಂದವರ ಕೈಯಲ್ಲಿ ವಾಂಟ್ ಲಿಸ್ಟ್ ಇರಲಿಲ್ಲ. ಅಷ್ಟರಲ್ಲಿ ಈಬೇ ಎಂಬ ಇಂಟರ್ನೆಟ್ ಹರಾಜು ಕಟ್ಟೆ ಮನೆಮನೆಗೆ ಬಂದಿತ್ತು. ತಿಂಗಳುಗಟ್ಟಲೆ ಹುಡುಕುತ್ತಿದ್ದ ನಂಬರು ಎರಡು ನಿಮಿಷದಲ್ಲಿ ಸಿಗುತ್ತಿತ್ತು. ಆಗ ನನಗೆ ಬೇಕಿದ್ದದ್ದು ಹದಿನಾರು ಕಾರ್ಡು. ಕಂಪ್ಯೂಟರಿನ ಕೆಲಸದಲ್ಲೇ ಇದ್ದ ನಾನು ಒಂದು ರಾತ್ರಿ ಕೂತಿದ್ದರೆ ಸೆಟ್ಟು ಮುಗಿಯುತ್ತಿತ್ತು. ಕೂರಲಿಲ್ಲ. ಪರದೆಯ ಮೇಲೆ ಕಾರ್ಡು ಇತ್ತು, ಅದರ ಕಥೆ ಹೇಳುವವನು ಇರಲಿಲ್ಲ. ಹದಿನಾರು ಕಾರ್ಡಿಗೆ ಇನ್ನೂ ಮೂರು ವರ್ಷ ನಡೆದೆ.

ದುಬಾರಿ ಕಾರ್ಡುಗಳನ್ನು ಅಷ್ಟರಲ್ಲಿ ಕೊಂಡಾಗಿತ್ತು, ಪುಣ್ಯ. 228ನೇ ಜಾರ್ಜ್ ಬ್ರೆಟ್, 223ನೇ ರಾಬಿನ್ ಯೌಂಟ್, ಇಬ್ಬರದೂ ಮೊದಲ ಕಾರ್ಡು ಈ ಸೆಟ್ಟಿನದೇ. 1999ರಲ್ಲಿ ಇಬ್ಬರೂ ಒಟ್ಟಿಗೆ ಹಾಲ್ ಆಫ್ ಫೇಮ್ ಎಂಬ ದಿಗ್ಗಜರ ಗೌರವ ಪಟ್ಟಿ ಸೇರಿದ ಮೇಲೆ ಬೆಲೆ ಏರಿತು. ಸೆಟ್ಟಿನ ಮೊದಲ ಕಾರ್ಡೂ ಕೊನೆಯ ಕಾರ್ಡೂ ಹ್ಯಾಂಕ್ ಏರನ್ ಅವರದು. ಮೊದಲನೆಯದು, 1974ರಲ್ಲಿ ಹಿಂದಿನ ಕಾಲದ ದಿಗ್ಗಜ ಬೇಬ್ ರೂತ್‌ನ 714 ಹೋಮ್ ರನ್‌ಗಳ ದಾಖಲೆ ಮುರಿದದ್ದಕ್ಕೆ. ಕರಿಯನೊಬ್ಬ ಆ ದಾಖಲೆ ಮುಟ್ಟಬಾರದು ಎಂದು ಅವರಿಗೆ ಕೊಲೆಬೆದರಿಕೆಯ ಕಾಗದಗಳು ಬರುತ್ತಿದ್ದವು. 660ನೆಯದರಲ್ಲಿ ಅವರು ಮಿಲ್ವಾಕಿ ಬ್ರೂವರ್ಸ್ ತಂಡದವರು. ದೊಡ್ಡ ಲೀಗ್‌ನಲ್ಲಿ ಆಟ ಶುರು ಮಾಡಿದ ಊರಿಗೇ ಕೊನೆಗಾಲಕ್ಕೆ ಮರಳಿದ್ದರು. ಆ ಎರಡನ್ನೂ ನಾನು ಮಿಲ್ವಾಕಿಯ ಒಂದು ಶೋನಲ್ಲೇ ಕೊಂಡೆ, ಬೇಕೆಂದೇ, ತೊಂಬತ್ತು ಮೈಲಿ ಕಾರು ಓಡಿಸಿ.

2001ರ ವಸಂತದಲ್ಲಿ ಕೊನೆಯ ಕಾರ್ಡು ಬಂತು. ಹೆಸರಿಲ್ಲದ ಒಬ್ಬ ಪಿಚರ್, ಕಾಲು ಡಾಲರಿನ ಮಾಲು. ಗೆಳೆಯ ಅದನ್ನು ಡಬ್ಬದಲ್ಲಿ ಇಟ್ಟಿರಲಿಲ್ಲ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಇಂಡಿಯಾನಾದಲ್ಲಿ ಯಾರದೋ ಮನೆಯ ಕೊಳಾಯಿ ಸರಿ ಮಾಡಲು ಹೋದಾಗ ಅಲ್ಲಿನ ಶೂ ಡಬ್ಬಿಯಲ್ಲಿ ಸಿಕ್ಕಿತಂತೆ. ದುಡ್ಡು ತೆಗೆದುಕೊಳ್ಳಲಿಲ್ಲ. "ಇಲ್ಲೇ, ನನ್ನ ಮುಂದೆ ಹಾಕು" ಎಂದ. ಫೈಲು ತಂದು ಮೇಜಿನ ಮೇಲೆ ಬಿಡಿಸಿದೆ. ಅಕ್ಕಪಕ್ಕದ ಮೇಜಿನವರೆಲ್ಲ ಬಂದು ಸುತ್ತ ನಿಂತರು. ಖಾಲಿ ಜಾಗದಲ್ಲಿ ಕಾರ್ಡು ಇಳಿಸಿದೆ. ಯಾರೋ ಬೆನ್ನು ತಟ್ಟಿದರು. ಗೆಳೆಯ ತನ್ನ ಹತ್ತಿರವಿದ್ದ ನನ್ನ ವಾಂಟ್ ಲಿಸ್ಟಿನ ಪ್ರತಿಯನ್ನು ಹರಿದು, ಮಡಿಸಿ, ಮತ್ತೆ ಜೇಬಿಗಿಟ್ಟುಕೊಂಡ. "76ರಲ್ಲೂ 660 ಇದೆ" ಎಂದ.

76 ಆಗಲಿಲ್ಲ. ಕೆಲಸ ಬೇರೆ ಊರಿಗೆ ಹೋಯಿತು, ಆಮೇಲೆ ನಾವು ಮೈಸೂರಿಗೆ ಬಂದೆವು.

ಸೆಟ್ಟಿನ ಐದು ಕಾರ್ಡುಗಳ ಬಗ್ಗೆ ಹೇಳಿಲ್ಲ. ಅವು ಚೆಕ್‌ಲಿಸ್ಟ್‌ಗಳು, 132ರಂತೆ ಎಲ್ಲ ನಂಬರುಗಳ ಪಟ್ಟಿ, ಪಕ್ಕದಲ್ಲಿ ಪುಟ್ಟ ಚೌಕ. ಸಿಕ್ಕಿದ ಕಾರ್ಡಿಗೆ ಗುರುತು ಹಾಕಿಕೊಳ್ಳಲಿ ಎಂದು ಮಕ್ಕಳಿಗಾಗಿ ಮಾಡಿದ್ದು. ಮಕ್ಕಳು ಗುರುತು ಹಾಕಿದರು. ಹಾಗಾಗಿ ಸಂಗ್ರಹಕಾರರ ಸಂತೆಯಲ್ಲಿ ಗುರುತಿಲ್ಲದ ಚೆಕ್‌ಲಿಸ್ಟಿಗೆ ಬೆಲೆ, ಗುರುತಿದ್ದದ್ದನ್ನು ಕೇಳುವವರಿಲ್ಲ. ನಾನು ಕೇಳಿದ್ದು ಗುರುತಿದ್ದವನ್ನೇ. ಗೆಳೆಯ ಮೊದಲು ಒಪ್ಪಲಿಲ್ಲ, ಆಮೇಲೆ ಬೇರೆಬೇರೆ ಡಬ್ಬಗಳಿಂದ ಹುಡುಕಿ ಐದನ್ನೂ ಸುಮ್ಮನೆ ಕೊಟ್ಟ. ಒಂದರಲ್ಲಿ ಪೆನ್ಸಿಲ್ಲು, ಒಂದರಲ್ಲಿ ಕೆಂಪು ಕ್ರೇಯಾನು. 397ರಿಂದ 528ರವರೆಗಿನದರಲ್ಲಿ ನೀಲಿ ಬಾಲ್‌ಪೆನ್ನಿನ ಗುರುತು, ಒಂದೊಂದು ಚೌಕವನ್ನೂ ಅಂಚು ದಾಟದಂತೆ ತುಂಬಿಸಿದ್ದಾನೆ ಹುಡುಗ. ಏಳು ಚೌಕ ಖಾಲಿ. ಅದರಲ್ಲಿ 407 ಒಂದು. ಅವನಿಗೆ ಹರ್ಬ್ ವಾಷಿಂಗ್ಟನ್ ಸಿಕ್ಕಿರಲಿಲ್ಲ.

ಆ ಏಳೂ ನನ್ನ ಫೈಲಿನಲ್ಲಿವೆ. ಚೌಕಗಳಿಗೆ ಪೆನ್ನು ಮುಟ್ಟಿಸಿಲ್ಲ, ಅದು ಅವನ ಪಟ್ಟಿ. ನನ್ನ ಓರಗೆಯವನೇ ಆಗಿದ್ದರೆ ಅವನಿಗೂ ಈಗ ಅರವತ್ತು ದಾಟಿರಬೇಕು.